ಹದಿನೇಳು ದಿನ ಕಾದ ರೇಷ್ಮೆಹುಳು

ಕಟಕಟೆ ಹತ್ತಿದ ಐದೇ ನಿಮಿಷದಲ್ಲಿ ನಾನು ಸುಳ್ಳು ಹೇಳಿದೆ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದ ಬಾಯಿ ಇನ್ನೂ ಆರಿರಲಿಲ್ಲ.

ಯಾರಾದರೂ ಹೆದರಿಸಿದ್ದರೇ? ಇಲ್ಲ. ಆಸೆ ತೋರಿಸಿದ್ದರೇ? ಒಂದು ಲೋಟ ಕಾಫಿಯೂ ಇಲ್ಲ. ಬರೀ ಜಂಬ. ಕಾಲೇಜಿನ ಮೂರು ವರ್ಷ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಸಿಕ್ಕ ವೇದಿಕೆಯನ್ನೆಲ್ಲ ಹತ್ತಿ, ಚೀಟಿಯಲ್ಲಿ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ ಡಿಬೇಟ್ ಮಾಡಿದವನ ಜಂಬ.

ಮೊದಲಿನಿಂದ ಹೇಳುತ್ತೇನೆ.

ಎರಡೂವರೆ ವರ್ಷದ ಹಿಂದೆ ನಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು ಟೀ ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. (ಊರಿನ ಹೆಸರು ಬೇಡ. ಠಾಣೆಯ ಹೆಸರಂತೂ ಬೇಡವೇ ಬೇಡ. ನಾಳೆಯೂ ಅದೇ ರಸ್ತೆಯಲ್ಲಿ ನಾನು ಸೈಕಲ್ ತುಳಿಯಬೇಕು.) ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಪಾಪ, ಬೆವರಿ ನೀರಾಗಿದ್ದರು.

"ಸಾರ್, ನೀವು ಓದಿದೋರು. ಇಲ್ಲೊಂದು ಸೈನ್ ಹಾಕ್ಬಿಡಿ."

"ಏನಿದು?"

"ಮಹಜರು. ಕಳ್ತನದ ಗೂಡು ಸಿಕ್ತು. ಪಂಚರ ಸೈನ್ ಬೇಕು, ಅಷ್ಟೇ."

ಪಂಚ ಎಂದರೆ ಪೊಲೀಸರು ಮಾಲು ಹಿಡಿಯುವಾಗ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕಣ್ಣಾರೆ ಕಂಡ ಊರಿನ ಮನುಷ್ಯ. ನಾನು ಕಣ್ಣಾರೆ ಕಂಡಿದ್ದು ಕ್ರಿಕೆಟ್ ಸ್ಕೋರು. ಆದರೂ ಹಾಕಿದೆ. ಎರಡು ಹಾಳೆಗೆ ಎರಡು ಸಹಿ, ಚೀಲಕ್ಕೆ ಅಂಟಿಸುವ ಚೀಟಿಗೆ ಇನ್ನೊಂದು. 'ಓದಿದೋರು' ಅನ್ನಿಸಿಕೊಂಡ ಖುಷಿಯಲ್ಲಿ ಓದುವುದೊಂದು ಬಿಟ್ಟು ಹೋಯಿತು.

ಆಮೇಲೆ ಎಲ್ಲ ಮರೆತೆ. ಕೋರ್ಟು ಮರೆಯಲಿಲ್ಲ. ಕಳೆದ ವರ್ಷದ ಕೊನೆಗೆ ನಾನು ಪಾಠ ಹೇಳುವ ಟ್ಯುಟೋರಿಯಲ್‌ಗೇ ಸಮನ್ಸ್ ಬಂತು. ಸರ್ಕಾರದ ಪರ ಸಾಕ್ಷಿ ಹೇಳಬೇಕಂತೆ.

ಮೊದಲ ಸಲ ಹೋದೆ. ಮ್ಯಾಜಿಸ್ಟ್ರೇಟರು ರಜಾ. ಎರಡನೇ ಸಲ ವಕೀಲರ ಮುಷ್ಕರ. ಮೂರನೇ ಸಲ ಎಲ್ಲರೂ ಇದ್ದರು, ಫೈಲ್ ಇರಲಿಲ್ಲ. ಪ್ರತಿ ಸಲವೂ ಒಂದು ಹೊಸ ತಾರೀಕು ಕೊಟ್ಟು ಕಳಿಸುತ್ತಿದ್ದರು. ವಾಯಿದೆ ಅನ್ನುವುದು ಇದಕ್ಕೇ. ಡಿಬೇಟಿನಲ್ಲಿ ಐದು ನಿಮಿಷಕ್ಕೆ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಇಲ್ಲಿ ಗಂಟೆ ಬಾರಿಸುವವರೇ ಇಲ್ಲ.

ಆ ಅಲೆದಾಟದಲ್ಲೇ ಕೋರ್ಟಿನ ಜಗಲಿಯಲ್ಲಿ ಇಬ್ಬರ ಪರಿಚಯವಾಯಿತು. ಒಬ್ಬರು ಮೇಲೂರಿನ ಕಡೆಯ ಮುನಿಶಾಮಪ್ಪ. ಗೂಡು ಕಳೆದುಕೊಂಡು ದೂರು ಕೊಟ್ಟವರು. ಇನ್ನೊಬ್ಬ ಅವರ ಪಕ್ಕದಲ್ಲೇ ಕೂತು ಅವರದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದ.

"ಬನ್ನಿ ಮೇಷ್ಟ್ರೇ, ಕೂತ್ಕಳಿ. ಇವ್ನು ಅನ್ವರ್ ಅಂತ. ನಮ್ ಕಳ್ಳ."

ಅನ್ವರ್ ನಕ್ಕು ಸಲಾಂ ಹೊಡೆದ. ವಯಸ್ಸು ಇಪ್ಪತ್ತೆಂಟಿರಬಹುದು. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳೆಲ್ಲ ಬಿಳಿಚಿಕೊಂಡಿದ್ದವು.

"ಕದ್ದಿದ್ದೀಯೇನಪ್ಪ?" ಎಂದೆ. (ಹೌದು, ಹೀಗೆ ಕೇಳಬಾರದು.)

"ಇಲ್ಲ ಸಾರ್."

"ಇವನೆಲ್ಲಿ ಕದೀತಾನೆ ಬಿಡಿ," ಎಂದರು ಮುನಿಶಾಮಪ್ಪ. "ಮಾರ್ಕೆಟ್ಟಲ್ಲಿ ಒಂದ್ ಚೀಲ ಗೂಡು ಹೋಯ್ತು ಅಂತ ಬರ್ಕೊಟ್ಟೆ. ಯಾರ ಹೆಸ್ರೂ ಕೊಟ್ಟಿಲ್ಲ. ಇವನ್ನ ಅವ್ರೇ ಹಿಡ್ಕೊಂಡ್ ಬಂದ್ರು."

"ಹಾಗಿದ್ದರೆ ಕೇಸು ವಾಪಸ್ ತಗೋಬಹುದಲ್ಲ?"

"ಕೇಳಿದ್ನಲ್ಲ! ಕೇಸು ನಂದಲ್ವಂತೆ, ಸರ್ಕಾರದ್ದಂತೆ. ಗೂಡು ಮಾತ್ರ ನಂದಂತೆ."

ಎರಡೂವರೆ ವರ್ಷ ಇಬ್ಬರೂ ಒಂದೇ ಜಗಲಿಯಲ್ಲಿ ಕಾದಿದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಹಿಪ್ಪುನೇರಳೆಗೆ ರೋಗ ಬಂತು, ಒಬ್ಬರದು ಇನ್ನೊಬ್ಬರಿಗೆ ಗೊತ್ತು. "ಏಮಪ್ಪಾ ಅನ್ವರೂ, ತಿನ್ನಾವಾ?" ಎಂದು ಅವರು ತೆಲುಗಿನಲ್ಲಿ ಊಟ ಕೇಳುವುದು, "ತಿಂದ್ಕೊಂಡೇ ಬಂದೆ ಅಣ್ಣಾ" ಎಂದು ಇವನು ಹೇಳುವುದು. ಫಿರ್ಯಾದಿ, ಆರೋಪಿ ಹೀಗೂ ಇರುತ್ತಾರೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಅನ್ವರ್‌ಗೆ ಮಾತ್ರ ಒಂದು ಆತುರವಿತ್ತು.

"ಗೌರಿಬಿದನೂರಿನ ಹತ್ರ ಫ್ಯಾಕ್ಟ್ರೀಲಿ ಕೆಲ್ಸ ಸಿಕ್ಕಿದೆ ಸಾರ್. ಮೇಲೆ ಕೇಸ್ ಇರಬಾರ್ದು ಅಂತಾರೆ. ಯುಗಾದಿ ತನ್ಕ ಕಾಯ್ತಾರಂತೆ, ಆಮೇಲೆ ಬೇರೆಯವ್ರಿಗೆ ಕೊಡ್ತಾರೆ. ಇನ್ನೊಬ್ರು ಪಂಚರು ತೀರ್ಕೊಂಡ್ರು. ಉಳಿದಿರೋದು ನೀವೊಬ್ರೇ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಆಗಲೇ ಹೇಳಬಹುದಿತ್ತು, 'ನಾನೇನೂ ನೋಡಿಲ್ಲ ಕಣಪ್ಪ' ಎಂದು. ಹೇಳಲಿಲ್ಲ.

ನಾಲ್ಕನೇ ಸಲ ಜವಾನ ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಮೂರು ಸಲ ಕೂಗಿದ. ಮೂರು ಸಲವೂ ತಪ್ಪಾಗಿಯೇ ಕೂಗಿದ. ಒಳಗೆ ಹೋದೆ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡುವ ಹೆಂಗಸು. ಸರ್ಕಾರಿ ವಕೀಲರು ಎದ್ದು, ಸಾಕ್ಷಿ ವಿದ್ಯಾವಂತರು, ಭಾಷಣದಲ್ಲಿ ಹೆಸರು ಮಾಡಿದವರು ಎಂದು ಶುರು ಮಾಡಿದರು. ಬೆಂಚಿನ ಮೇಲಿದ್ದ ಕಪ್ಪು ಕೋಟುಗಳೆಲ್ಲ ನನ್ನ ಕಡೆ ತಿರುಗಿದವು.

"ಮಹಜರಿನಲ್ಲಿ ಇರೋದು ನಿಮ್ಮದೇ ಸಹಿ ಅಲ್ವೇ?"

"ಹೌದು ಸ್ವಾಮಿ."

"ಓದಿ ನೋಡಿಯೇ ಹಾಕಿದ್ರಾ?"

ಅಷ್ಟೊಂದು ಕಪ್ಪು ಕೋಟುಗಳ ಎದುರು, ಓದದೆ ಹಾಕಿದೆ ಅನ್ನುವುದು ಹೇಗೆ?

"ಓದಿಯೇ ಹಾಕಿದೆ."

ಒಂದು ಸುಳ್ಳು ಹೇಳಿದರೆ ಎರಡನೆಯದು ತಾನೇ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಆರೋಪಿಯ ಮನೆಯಲ್ಲಿ, ಮಂಚದ ಕೆಳಗಿಂದ ಚೀಲ ತೆಗೆದಿದ್ದನ್ನು ನೋಡಿದಿರಾ? ನೋಡಿದೆ. ಓದಿ ಸಹಿ ಹಾಕಿದ ಮೇಲೆ ನೋಡಿರಲೇಬೇಕಲ್ಲ! ಅನ್ವರ್ ಕಡೆ ಕಣ್ಣು ಹೋಯಿತು. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ತನ್ನ ಮನೆಗೆ ನಾನು ಯಾವಾಗ ಬಂದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದ ಹಾಗಿತ್ತು.

ಆಗ ಅವನ ಪರ ವಕೀಲರು ಎದ್ದರು. ಗೋಪಾಲರಾಯರು. ಮೊಣಕೈ ಸವೆದ ಕೋಟು, ಮೂಗಿನಲ್ಲಿ ಶೀತ. ಇವರನ್ನು ಎರಡು ಮಾತಿನಲ್ಲಿ ಮುಗಿಸಬಹುದು ಅಂದುಕೊಂಡೆ.

ಅವರು ಮೊದಲು ಚೀಲವನ್ನು ತೆರೆಸಿದರು. ಬೆಂಚ್ ಕ್ಲರ್ಕ್ ಅರಗಿನ ಸೀಲು ಒಡೆದು ಚೀಲ ಕೊಡವಿದರು. ಧೂಳು, ಒಣಗಿದ ರೆಕ್ಕೆಗಳು, ಸತ್ತ ಚಿಟ್ಟೆಗಳು, ತೂತು ತೂತಾದ ಗೂಡು. ಕ್ಲರ್ಕಿಗೆ ಸೀನು ಹತ್ತಿತು.

"ಮಹಜರಿನಲ್ಲಿ ಏನು ಬರೆದಿದೆ? ಓದಿ."

ಜೀವನದಲ್ಲಿ ಮೊದಲ ಸಲ ಆ ಹಾಳೆ ಓದಿದೆ. "ಒಂದೂ ತೂತಿಲ್ಲದ, ಒಳ್ಳೆಯ ಹಸಿ ಗೂಡು."

"ಇಲ್ಲಿರೋದು?"

"ಸೀಲ್ ಮಾಡಿದ ಮೇಲೆ ಚಿಟ್ಟೆ ಬಂದಿರಬಹುದು ಸ್ವಾಮಿ," ಎಂದೆ. ಒಳ್ಳೆಯ ಪಾಯಿಂಟ್ ಅನ್ನಿಸಿತು.

"ಬಂದಿರಬಹುದು, ಬಂದಿರಬಹುದು." ಅವರಿಗೆ ಬಹಳ ಸಂತೋಷವಾದಂತೆ ಕಂಡಿತು. "ನೀವು ಇದೇ ಕಡೆಯವರಲ್ವಾ? ಮಾರ್ಕೆಟ್ಟಿಗೆ ಬಂದ ಗೂಡು ಬೇಯಿಸದೆ, ಒಣಗಿಸದೆ ಹಾಗೇ ಇಟ್ರೆ ಎಷ್ಟು ದಿನಕ್ಕೆ ಚಿಟ್ಟೆ ಆಚೆ ಬರುತ್ತೆ?"

ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೇ ತಾನೇ ಗೂಡು ಬಿಡಿಸಿದ ದಿನ ಊರೆಲ್ಲ ಮಾರುಕಟ್ಟೆಗೆ ಓಡುವುದು? ಚಿಟ್ಟೆ ತೂತು ಮಾಡಿದ ಗೂಡಿನಲ್ಲಿ ಎಳೆ ಸಿಗುವುದಿಲ್ಲ.

"ಹೆಚ್ಚೆಂದರೆ ಒಂದು ವಾರ."

"ಗೂಡು ಕಳುವಾಗಿ ಎಷ್ಟನೇ ದಿನಕ್ಕೆ ಈ ಮಹಜರು?"

ತಾರೀಕು ಎರಡೂ ಹಾಳೆಯಲ್ಲೇ ಇದ್ದವು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

"ಹದಿನೇಳನೇ ದಿನ."

ರಾಯರು ಮೂಗು ಒರೆಸಿಕೊಂಡು ನಿಧಾನವಾಗಿ ಕೇಳಿದರು. "ಅಂದ್ರೆ ಈ ಹುಳು, ಪಂಚರು ಬರ್ಲಿ, ಸೀಲ್ ಹಾಕ್ಲಿ, ಆಮೇಲೆ ಚಿಟ್ಟೆ ಆಗಣ ಅಂತ ಹದಿನೇಳು ದಿನ ಒಳಗೇ ಕಾದು ಕೂತಿತ್ತಾ?"

ಕೋರ್ಟು ಗೊಳ್ಳೆಂದಿತು. ಮ್ಯಾಜಿಸ್ಟ್ರೇಟರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಮೂಲೆಯಲ್ಲಿ ನಿಂತಿದ್ದ ಅದೇ ಹೆಡ್ ಕಾನ್‌ಸ್ಟೇಬಲ್ ಸೀಲಿಂಗ್ ಫ್ಯಾನ್ ನೋಡತೊಡಗಿದರು.

ಈಗ ಏನು ಮಾಡುವುದು? ಡಿಬೇಟಿನಲ್ಲಾದರೆ ಜೋರಾಗಿ ಮಾತಾಡಿ ಸಮಯ ಕಳೆಯಬಹುದಿತ್ತು. ಇಲ್ಲಿ ಸೋತರೆ ಹೋಗುವುದು ನನ್ನ ಬಹುಮಾನದ ಕಪ್ ಅಲ್ಲ, ಅನ್ವರನ ಕೆಲಸ.

"ಸ್ವಾಮಿ, ನಾನು ಓದಲಿಲ್ಲ. ಯಾರ ಮನೆಗೂ ಹೋಗಲಿಲ್ಲ. ಟೀ ಅಂಗಡಿಯಲ್ಲಿ ಕೂತು ಸಹಿ ಹಾಕಿದೆ. ಈಗ ತಾನೇ ಹೇಳಿದ್ದು ಸುಳ್ಳು."

ನಗು ನಿಂತಿತು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು.

"ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೇ ಕೇಸ್ ಮಾಡಬಹುದು, ಗೊತ್ತೇನ್ರಿ? ನೀವಾಗೇ ಒಪ್ಪಿಕೊಂಡ್ರಿ ಅಂತ ಬಿಡ್ತಿದೀನಿ. ಏನೂ ಓದದೆ ಇರೋರು ಹೆಬ್ಬೆಟ್ಟು ಒತ್ತೋಕೂ ಮೊದ್ಲು 'ಏನ್ ಬರ್ದಿದೆ' ಅಂತ ಕೇಳ್ತಾರೆ."

ನಾನು ಕಟಕಟೆ ಇಳಿದು ಬಂದೆ.

ಆವತ್ತಿನಿಂದ ಯೋಚಿಸುತ್ತಿದ್ದೇನೆ. ಕೋರ್ಟನ್ನು ಬೈಯುವುದು ಸುಲಭ. ನಾನೂ ವೇದಿಕೆಗಳ ಮೇಲೆ ಬೈದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಆ ಎರಡು ಹಾಳೆ ಟೀ ಅಂಗಡಿಯಿಂದ ಕಟಕಟೆಯವರೆಗೆ ಎಷ್ಟು ಮೇಜು ದಾಟಿ ಬಂದಿರಬೇಕು? ಪ್ರತಿ ಮೇಜಿನಲ್ಲೂ ಗೂಡಿನ ಊರಿನ ಮನುಷ್ಯರೇ ಇದ್ದಾರಲ್ಲವೇ? ಒಬ್ಬರಾದರೂ ಬೆರಳು ಮಡಚಿ ದಿನ ಎಣಿಸಬಾರದಿತ್ತೇ? ಎಲ್ಲರೂ ನೋಡಿದ್ದು ಒಂದನ್ನೇ, ಕೆಳಗೆ ಸಹಿ ಇದೆಯೋ ಇಲ್ಲವೋ. ಇತ್ತು. ಅದೂ ಓದಿದವನ ಸಹಿ, ದುಂಡಗೆ. ಕೊನೆಗೆ ಪ್ರಶ್ನೆ ಕೇಳಿದ್ದು ಆ ಕೋರ್ಟೇ. ಎರಡೂವರೆ ವರ್ಷ ತಡವಾಗಿ ಕೇಳಿತು, ಒಪ್ಪುತ್ತೇನೆ. ಉಳಿದ ನಾವೆಲ್ಲ ಕೇಳಲೇ ಇಲ್ಲವಲ್ಲ?

ಮೊನ್ನೆ ಮಂಗಳವಾರ ತೀರ್ಪು ಬಂತು. ಅನ್ವರ್ ಖುಲಾಸೆ. ಯುಗಾದಿಗೆ ಇನ್ನೂ ಒಂಬತ್ತು ದಿನ ಇತ್ತು. ನನಗೆ ಕೆಲಸವಿರಲಿಲ್ಲ, ಆದರೂ ಹೋಗಿದ್ದೆ. ಅವನು ತೀರ್ಪಿನ ನಕಲಿಗೆ ಅರ್ಜಿ ಕೊಟ್ಟು ಓಡಿ ಬಂದ. ಬಂದವನೇ ಮೊದಲು ಅಪ್ಪಿಕೊಂಡಿದ್ದು ವಕೀಲರನ್ನಲ್ಲ, ಮುನಿಶಾಮಪ್ಪನವರನ್ನು. ಅವರೂ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಇನ್ಮೇಲೆ ಯಾವಾಗ್ ಸಿಕ್ತೀಯೋ ಏನೋ," ಎಂದರು. "ವಾಯಿದೇನೂ ಇಲ್ಲ."

ಮೂವರೂ ಕ್ಯಾಂಟೀನಿಗೆ ಹೋಗಿ ಕೂತೆವು. ಕಾಫಿ ಬಂತು. ಮುನಿಶಾಮಪ್ಪ ಒಂದು ಗುಟುಕು ಕುಡಿದು, ಏನೋ ಹೊಳೆದವರಂತೆ ಲೋಟ ಕೆಳಗಿಟ್ಟರು.

"ಎಲ್ಲಾ ಸರಿ ಕಣಪ್ಪಾ. ಹಂಗಾದ್ರೆ ನನ್ ಗೂಡು ಕದ್ದೋನ್ ಯಾರು?"

"ಮಾರ್ಕೆಟ್ಟಲ್ಲಿ ಆವತ್ತು ಪೊಲೀಸ್ನೋರ ಮುಂದೆ ನಾನೂ ಅದನ್ನೇ ಗಟ್ಟಿಯಾಗಿ ಕೇಳ್ದೆ ಅಣ್ಣಾ," ಎಂದ ಅನ್ವರ್. "ಅದಕ್ಕೇ ನನ್ನ ಹಿಡಿದಿದ್ದು."