ಹಾಲಿನಲ್ಲಿ ನುಂಗಿದ ರಕ್ತದ ಮಾತ್ರೆ

ನಾನು ಅರಸೀಕೆರೆ ಪೇಟೆಯಲ್ಲಿ ಬೆಳೆದವಳು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ, ಹಾಲು ಅಂದರೆ ಪ್ಯಾಕೆಟ್ಟು. ಬೇಲೂರಿನ ಹತ್ತಿರದ ಹಗರೆ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಹಾಲಿನ ರುಚಿ ಏನು ಅಂತ ಗೊತ್ತಾಯಿತು. ಕೊಟ್ಟಿಗೆಯಲ್ಲಿ ಹಸುಗಳು, ಒಲೆಯ ಮೇಲೆ ಕೆನೆಗಟ್ಟಿದ ಪಾತ್ರೆ, ಅದರ ಮುಂದೆ ಸೌಟು ಹಿಡಿದ ನಮ್ಮತ್ತೆ. ನೆಗಡಿಗೂ ಹಾಲು, ತಲೆನೋವಿಗೂ ಹಾಲು. ಗಂಡನ ಮೇಲೆ ಮುನಿಸಿಕೊಂಡು ಕೂತರೂ ಒಂದು ಲೋಟ ಹಾಲು ಬರುತ್ತಿತ್ತು.

ಮೊದಲ ಬಸಿರಿನಲ್ಲಿ ಆಸ್ಪತ್ರೆಯವರು ನನಗೆ ರಕ್ತ ಕಮ್ಮಿ ಅಂದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಅತ್ತೆ ಚೀಟಿಯನ್ನೂ ನೋಡದೆ ತೀರ್ಪು ಕೊಟ್ಟರು.

"ಈ ಮಾತ್ರೆ ಉಷ್ಣ ಕಣವ್ವ. ಬರೀ ನೀರಲ್ಲಿ ನುಂಗಿದ್ರೆ ಹೊಟ್ಟೆ ಉರೀತೈತೆ. ಹಾಲಲ್ಲಿ ತಗೋ."

ದಿನಾ ಊಟವಾದ ಮೇಲೆ ಮಾತ್ರೆ ಕೈಗಿಟ್ಟು, ಲೋಟ ಖಾಲಿಯಾಗುವ ತನಕ ಎದುರಿಗೇ ನಿಲ್ಲುತ್ತಿದ್ದರು. ನನಗೂ ಹಿತವಾಗಿತ್ತು. ಹೊಸ ಮನೆಯಲ್ಲಿ ಅಷ್ಟು ಅಕ್ಕರೆ ಯಾರಿಗೆ ಸಿಗುತ್ತದೆ?

ಆದರೆ ರಕ್ತ ಏರಲಿಲ್ಲ. ಹಾಲು ಹಾಕಲು ಡೈರಿಗೆ ಹೋಗಿಬರುವಷ್ಟರಲ್ಲಿ ಏದುಸಿರು. ಬೇಲೂರಿನ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು.

"ಮಾತ್ರೆ ನುಂಗ್ತಿದ್ದೀರೋ, ಹಿತ್ತಲಿಗೆ ಎಸೀತಿದ್ದೀರೋ?"

ಕಣ್ಣಲ್ಲಿ ನೀರು ಬಂತು. ಮನೆಗೆ ಬಂದರೆ ನನ್ನ ಗಂಡನೂ ಮೆಲ್ಲಗೆ, "ನಿಜ ಹೇಳು, ವಾಸನೆ ಅಂತ ಬಿಸಾಕ್ತೀಯ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಎದ್ದು ಬಂದರು.

"ಏನ್ಲಾ ಅಂದೆ? ದಿನಾ ನುಂಗ್ಸೋಳು ನಾನು! ಮುಂದಿನ ಸಲ ನಾನೇ ಬತ್ತೀನಿ. ಆ ಡಾಕ್ಟ್ರಮ್ಮನ್ನ ನಾನು ಕೇಳ್ತೀನಿ."

ಹಾಗೇ ಬಂದರು, ರೇಷ್ಮೆ ಸೀರೆ ಉಟ್ಟು, ಸಾಕ್ಷಿ ಹೇಳುವವರ ಗತ್ತಿನಲ್ಲಿ.

"ನನ್ನ ಸೊಸೆ ಒಂದು ಮಾತ್ರೇನೂ ಬಿಟ್ಟಿಲ್ಲ. ನಾನೇ ಕೈಯಾರೆ ಕೊಟ್ಟಿದೀನಿ, ಗಟ್ಟಿ ಹಾಲಲ್ಲಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಲಲ್ಲಾ? ಅದಕ್ಕೇ ಇರಬೇಕು ಕಣ್ರಮ್ಮ. ಹಾಲಿನ ಕ್ಯಾಲ್ಸಿಯಂ ಈ ಕಬ್ಬಿಣಾಂಶವನ್ನ ಮೈಗೆ ಸರಿಯಾಗಿ ಹತ್ತೋಕೆ ಬಿಡಲ್ಲ. ಕಾಫಿ, ಟೀನೂ ಹಾಗೇ. ನೀರಲ್ಲಿ ಕೊಡಿ, ಇಲ್ಲಾ ನಿಂಬೆಹಣ್ಣಿನ ಪಾನಕದಲ್ಲಿ ಕೊಡಿ, ಇನ್ನೂ ಒಳ್ಳೇದು. ಹಾಲು ಬೇಕೇ ಬೇಕು, ಆದರೆ ಬೇರೆ ಹೊತ್ತಲ್ಲಿ."

ಅತ್ತೆಯ ಮುಖ ಸಣ್ಣದಾಯಿತು. "ಹಂಗಾರೆ ಇಷ್ಟ್ ದಿನ ನಾನೇ ಅಡ್ಡ ನಿಂತಂಗಾಯ್ತು."

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. "ಅತ್ತೆ, ನಿಮಗೇನು ಗೊತ್ತಿತ್ತು, ನನಗೂ ಗೊತ್ತಿರಲಿಲ್ಲ," ಅಂದೆ. "ಸುಮ್ಕಿರವ್ವ," ಅಂದರು. ನನಗೋ, ಹಾಲು ಕೊಟ್ಟ ಕೈಗೆ ಹೀಗಾಗಬಾರದಿತ್ತು ಅನ್ನಿಸಿತು.

ಹಗರೆಯಲ್ಲಿ ಇಳಿದದ್ದೇ ಅತ್ತೆ ಸೀದಾ ಅಂಗಡಿಗೆ ನಡೆದರು. ರೇಷ್ಮೆ ಸೀರೆಯ ಸೆರಗಿನ ತುಂಬ ನಿಂಬೆಹಣ್ಣು ತುಂಬಿಕೊಂಡು ಬಂದರು!

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಮಾತ್ರೆಗೆ ಪಾನಕ, ಹಾಲು ಸಂಜೆಗೆ. ನಾನು ಮಾತ್ರೆ ನುಂಗುವಾಗ ನನ್ನ ಗಂಡ ಪಕ್ಕದಲ್ಲಿ ಟೀ ಕುಡಿದರೂ ಅತ್ತೆ, "ಆ ಕಡೆ ಹೋಗ್ಲಾ, ಹಬೆ ತಾಗೀತು," ಅನ್ನುತ್ತಿದ್ದರು. ಹಬೆಯಿಂದ ಏನೂ ಆಗಲ್ಲ ಅಂದರೂ ಕೇಳಲಿಲ್ಲ.

ಡೈರಿಯಲ್ಲಿ ಪ್ರಚಾರ ಬೇರೆ. ಬಿ.ಪಿ. ಮಾತ್ರೆ ತಗೊಳ್ಳುವ ಪಕ್ಕದ ಮನೆಯಾಕೆಗೂ ನಿಂಬೆಹಣ್ಣೇ ಮದ್ದು ಅಂದುಬಿಟ್ಟರು. ಆಕೆ ಹುಳಿತೇಗು ಹತ್ತಿ ಜಗಳಕ್ಕೇ ಬಂದಳು. ಒಂದೊಂದು ಮಾತ್ರೆಗೆ ಒಂದೊಂದು ರೀತಿ, ಕೊಟ್ಟವರನ್ನೇ ಕೇಳಬೇಕು ಅಂತ ಇಬ್ಬರಿಗೂ ಕಾಫಿ ಕೊಟ್ಟು ಸಮಾಧಾನ ಮಾಡಿದೆ.

ಮುಂದಿನ ಪರೀಕ್ಷೆಯ ಕಾಗದ ನೋಡಿ ಡಾಕ್ಟರಮ್ಮ ನಕ್ಕರು. "ಏರಿದೆ ಕಣ್ರಮ್ಮ."

ಅತ್ತೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ತಾವೇ ಕೆಂಪು ನೋಡಿದರು. ಆಮೇಲೆ ನಂಬಿದರು.

ಹೆರಿಗೆ ಸುಖವಾಗಿ ಆಯಿತು, ಹೆಣ್ಣುಮಗು. ನರ್ಸು ನನ್ನ ಮಾತ್ರೆಗಳ ಪೊಟ್ಟಣ ತಂದುಕೊಟ್ಟಾಗ ಅತ್ತೆ ಮೊಮ್ಮಗಳನ್ನು ತೋಳಲ್ಲಿಟ್ಟುಕೊಂಡೇ ಆಕೆಯ ದಾರಿಗೆ ಅಡ್ಡ ನಿಂತರು.

"ಯಾವುದ್ನ ಯಾವುದ್ರಲ್ಲಿ ಕೊಡ್ಬೇಕು? ಈಗ್ಲೇ ಹೇಳ್ಬಿಡವ್ವ."