ಎದುರು ಮನೆಯ ಅಂಕಲ್ ಮಾರಿದ ಮನೆ

ಕಳೆದ ಭಾನುವಾರ ಸುಂಕದಕಟ್ಟೆಯಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಹೋಗಿದ್ದೆ. ಬ್ರೋಕರ್ ಬಚ್ಚಲಿನ ಬಾಗಿಲು ತೆಗೆದ ಕೂಡಲೇ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಅಷ್ಟೇ... ಎದುರು ಮನೆಯ ಅಂಕಲ್ ನೆನಪಾದರು. ಮೈಯೆಲ್ಲ ಉರಿದುಹೋಯಿತು.

ಬಸವೇಶ್ವರನಗರದಲ್ಲಿ ನಮ್ಮ ಗೇಟಿನ ಎದುರಿಗೇ ಅವರ ಗೇಟು. ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರು ಎರಡು ಮೂರು ಕಡೆ ಸಣ್ಣ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಅಪ್ಪನ ಜಮೀನಿನಲ್ಲಿ ಪಾಲು ಬಂದು, ನಾನೂ ಬಾಡಿಗೆಗೆ ಕೊಡಲೊಂದು ಮನೆ ಕೊಳ್ಳುತ್ತೇನೆಂದಾಗ, ಅವರೇ ತಮ್ಮ ಹಳೆಯ ಕಾರಿನಲ್ಲಿ ಕೆಂಗೇರಿ, ಆರ್‌ಪಿಸಿ ಲೇಔಟ್ ಎಲ್ಲ ಸುತ್ತಿಸಿದರು.

"ಟೈಲ್ಸ್ ನೋಡಿ ಮರುಳಾಗ್ಬೇಡಮ್ಮ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿ, ಎಷ್ಟು ಹೊತ್ತಿಗೆ ಇಳಿಯತ್ತೆ ನೋಡು. ಫಿನಾಯಿಲ್ ಘಮ್ ಅಂತಿದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ್ಲೇ ಅರ್ಥ" ಎನ್ನುತ್ತಿದ್ದರು. ಮೇಲ್ಮಹಡಿಯ ಬಾಡಿಗೆಯವರ ಜೊತೆ ಮೆಟ್ಟಿಲ ಮೇಲೇ ಕೂತು ಹರಟೆ ಹೊಡೆದು, ಓನರ್ ಹೇಳದ್ದನ್ನೆಲ್ಲ ತಿಳಿದುಕೊಂಡು ಬರುತ್ತಿದ್ದರು. ಅಪ್ಪ ಹೋದ ಮೇಲೆ ನನ್ನ ಪರವಾಗಿ ಅಷ್ಟು ಯೋಚಿಸಿದವರು ಇವರೊಬ್ಬರೇ ಎಂದುಕೊಂಡಿದ್ದೆ.

ಒಂದು ದಿನ ಅವರೇ ಹೇಳಿದರು, "ರಾಜರಾಜೇಶ್ವರಿನಗರದ ನನ್ನ ಮನೆ ಕೊಡೋಣ ಅಂತಿದೀನಿ. ಹೊರಗಿನವರಿಗೆ ಯಾಕೆ, ನೀನೇ ತಗೊ."

ನೋಡಲು ಹೋದಾಗ ಅಲ್ಲೂ ಅದೇ ಫಿನಾಯಿಲ್ ವಾಸನೆ. ನನಗೆ ಗೊತ್ತಾಯಿತು... ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಅವರ ಎದುರಿಗೆ, ಅವರದೇ ಮನೆಯಲ್ಲಿ ನೀರು ಸುರಿದು ನೋಡುವುದು ಅವರಿಗೆ ಅವಮಾನ ಎನಿಸಿತು. ಒಂದು ಚೊಂಬೂ ಸುರಿಯದೆ ಮನೆ ಕೊಂಡುಬಿಟ್ಟೆ.

ಮಳೆಗಾಲದ ಹೊತ್ತಿಗೆ ನೆಲಮಹಡಿಯಲ್ಲಿ ಗಂಡ ಹೆಂಡತಿ ಬಾಡಿಗೆಗಿದ್ದರು. ಹುಡುಗಿ ಬಾಣಂತಿ. ಒಂದು ಮಧ್ಯಾಹ್ನ ಜೋರು ಮಳೆ ಹಿಡಿದಾಗ ಅವಳ ಫೋನ್ ಬಂತು, "ಆಂಟಿ, ಬೇಗ ಬನ್ನಿ." ಹೋಗಿ ನೋಡಿದರೆ ಮೋರಿಯ ನೀರು ಬಚ್ಚಲಿನ ತೂತಿನಿಂದ ಉಕ್ಕಿ ರೂಮಿನ ತುಂಬ ನಿಂತಿತ್ತು. ಅವಳು ಮಗುವನ್ನು ಎದೆಗವಚಿಕೊಂಡು ಮಂಚದ ಮೇಲೆ ನಿಂತಿದ್ದಳು. ಕೂಗಾಡಲಿಲ್ಲ. ಮೆಲ್ಲಗೆ ಕೇಳಿದಳು, "ಗೊತ್ತಿದ್ದೂ ನಮಗೆ ಕೊಟ್ರಾ ಆಂಟಿ?"

ಪ್ಲಂಬರ್ ಬಂದು ನೋಡಿದವನೇ ನಕ್ಕ. "ಇದು ಹೊಸದಲ್ಲಕ್ಕ. ರೋಡಿನ ಮೋರಿ ಪೈಪೇ ಮನೆಗಿಂತ ಎತ್ತರದಲ್ಲಿದೆ. ಮಳೆ ಬಂದಾಗೆಲ್ಲ ಹಳೇ ಓನರ್ ಸಾರೂ ನನ್ನನ್ನೇ ಕರೀತಿದ್ರು."

ಒದ್ದೆ ಸೀರೆಯಲ್ಲೇ ನೇರವಾಗಿ ಅವರ ಮನೆಗೆ ಹೋದೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದರು.

"ನಿಮಗೆ ಮೊದ್ಲೇ ಗೊತ್ತಿತ್ತಲ್ವಾ ಅಂಕಲ್?" ಎಂದೆ.

ಅವರು ಪೇಪರನ್ನು ನೀಟಾಗಿ ಮಡಿಸಿದರು. "ಮನೆ ನೋಡೋದು ಹೇಗೆ ಅಂತ ಹೇಳ್ಕೊಟ್ಟಿದ್ದೆನಲ್ಲಮ್ಮ. ನೀನು ನೋಡ್ಲಿಲ್ಲ." ಆಮೇಲೆ, ಏನೂ ಆಗಿಲ್ಲವೆಂಬಂತೆ, "ಕಾಫಿ ಕುಡೀತೀಯಾ?" ಎಂದರು.

ಮೋಸಕ್ಕಿಂತ ಆ ಕಾಫಿಯ ಮಾತೇ ನನ್ನನ್ನು ಇಂದಿಗೂ ಸುಡುತ್ತದೆ. ಗೇಟನ್ನು ದಡಾರನೆ ಎಳೆದು ಬಂದವಳು ಮತ್ತೆ ಅವರ ಮನೆ ಹೊಸಿಲು ತುಳಿಯಲಿಲ್ಲ. ಬಾಡಿಗೆಯವರು ಅದೇ ವಾರ ಬಿಟ್ಟುಹೋದರು. ಆ ನೆಲಮಹಡಿಯನ್ನು ನಾನು ಮತ್ತೆ ಯಾರಿಗೂ ಬಾಡಿಗೆಗೆ ಕೊಡಲಿಲ್ಲ. ಕೆಲವು ವರ್ಷಗಳ ನಂತರ ಅಂಕಲ್ ತೀರಿಕೊಂಡಾಗ ಬೀದಿಯವರೆಲ್ಲ ಅಲ್ಲಿ ಸೇರಿದ್ದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ರಸ್ತೆ ದಾಟಲಿಲ್ಲ. ದಾಟಬೇಕಿತ್ತು ಎಂದು ಈಗಲೂ ಅನಿಸುವುದಿಲ್ಲ.

ಸುಂಕದಕಟ್ಟೆಯ ಮನೆ ಬೇಡವೆಂದು ಬ್ರೋಕರ್‌ಗೆ ಅಲ್ಲೇ ಹೇಳಿ ಬಂದೆ. ಆಟೋ ಇಳಿದವಳು ಆ ವಿಷಯ ಅಂಕಲ್‌ಗೆ ಹೇಳಲೆಂದು ಸೀದಾ ಎದುರು ಗೇಟಿನ ಕಡೆಗೇ ನಡೆದಿದ್ದೆ... ಚಿಲಕದ ಮೇಲೆ ಕೈಯಿಟ್ಟ ಮೇಲೆ ಎಚ್ಚರವಾಯಿತು. ಒಳಗಿನಿಂದ ಯಾರೋ ಹೊಸಬರು ಇಣುಕಿ, "ಯಾರು ಬೇಕಿತ್ತು ಆಂಟಿ?" ಎಂದರು.

"ಯಾರೂ ಇಲ್ಲಪ್ಪ" ಎಂದು ಹೇಳಿ ರಸ್ತೆ ದಾಟಿದೆ.