ದೇವರಿಗೆ ಬಿಟ್ಟ ಭಾನುವಾರ

ಕಳೆದ ಭಾನುವಾರ ದೇವಸ್ಥಾನದಿಂದ ಬಂದವನೇ ಶಲ್ಯವನ್ನು ಕುರ್ಚಿಯ ಮೇಲೆ ಎಸೆದೆ. ಮಂಡಿ ನೋವೆಂದು ಮನೆಯಲ್ಲೇ ಉಳಿದಿದ್ದ ನನ್ನ ಹೆಂಡತಿ ರತ್ನ ಅದನ್ನು ಮಡಿಸಲು ಎತ್ತಿಕೊಂಡಳು, ಮೂಗಿನ ಹತ್ತಿರ ಹಿಡಿದಳು. "ಏನ್ರೀ, ದೇವಸ್ಥಾನಕ್ಕೇ ತಾನೇ ಹೋಗಿದ್ದು?" ಎಂದಳು. ಕರ್ಪೂರದ ವಾಸನೆ ಇರಬೇಕಾದ ಕಡೆ ಬೇಬಿ ಪೌಡರ್ ಘಮಘಮ ಅನ್ನುತ್ತಿತ್ತು. ನೀವೇನಾದರೂ ಅಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ನನ್ನ ವಯಸ್ಸಿನ ಗಂಡನ ಹೆಗಲಿನಿಂದ ಪರಿಮಳ ಬಂದರೆ ಹೆಂಡತಿ ಸಂಶಯ ಪಡುವುದಿಲ್ಲ, ನಗುತ್ತಾಳೆ. ಅವಮಾನ ಅಂದರೆ ಅದೇ ನೋಡಿ.

ಆ ವಾಸನೆಯ ಜಾಡು ಹಿಡಿದು ಹೋದರೆ ತೊಂಬತ್ತರ ದಶಕದ ಫೋರ್ಟ್ ಮಿಲ್‌ಗೆ ಹೋಗಬೇಕಾಗುತ್ತದೆ. ಸೌತ್ ಕ್ಯಾರೊಲೈನಾದ ಗಡಿಯ ಊರು ಅದು. ಕಾರಿನಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ರಾಜ್ಯ ದಾಟಿ ಶಾರ್ಲಟ್ ಕಡೆಗೆ ಬಂದುಬಿಡುತ್ತಿದ್ದೆವು. ನಾನು ಆ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಕೆಮಿಸ್ಟ್. ನೂಲಿಗೆ ಬಣ್ಣ ಹಾಕಿಸುವುದು ಕೆಲಸ. ಉಗುರಿನ ಸಂದಿಯಲ್ಲಿ ಸದಾ ನೀಲಿ. ಊಟಕ್ಕೆ ಕರೆದವರ ಮನೆಯಲ್ಲಿ ಕೈಯಲ್ಲಿ ಕಲಸಿ ಉಣ್ಣಲು ನಾಚಿಕೆಯಾಗಿ ಚಮಚ ಕೇಳುತ್ತಿದ್ದೆ. ಅಮೆರಿಕಕ್ಕೆ ಬಂದು ಎಷ್ಟು ಸೊಕ್ಕು ನೋಡಿ ಇವನಿಗೆ ಎಂದು ಅವರು ಆಡಿಕೊಳ್ಳುತ್ತಿದ್ದರಂತೆ.

ಆಗ ನಮ್ಮವರೆಲ್ಲರ ಜಪ ಒಂದೇ, ಗ್ರೀನ್ ಕಾರ್ಡ್. ನಮ್ಮ ಇಂಟರ್‌ವ್ಯೂ ಅಟ್ಲಾಂಟಾದಲ್ಲಿತ್ತು. ಕಾಯುವ ಕೋಣೆಯಲ್ಲಿ ಕೂತು ಕಾಗದಪತ್ರಗಳನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದೆ. ಇಂಥ ಹೊತ್ತಿನಲ್ಲಿ ಉಳಿದವರಾದರೆ ಮುಡಿ ಕೊಡುತ್ತೇನೆ ಎಂದು ಹರಕೆ ಹೊರುತ್ತಾರೆ. ನನ್ನ ತಲೆಯ ಮೇಲೆ ಕೊಡಲು ಏನೂ ಉಳಿದಿರಲಿಲ್ಲ. ಯಾವ ವರವನ್ನೂ ಕೊಡದೆ ದೇವರು ಅದನ್ನು ಕಂತು ಕಂತಾಗಿ ಮೊದಲೇ ವಸೂಲು ಮಾಡಿಕೊಂಡಿದ್ದ. ಕೂದಲಿಲ್ಲದವನು ಇನ್ನೇನು ಕೊಟ್ಟಾನು? ಸಮಯ. "ಸ್ವಾಮೀ, ಇದೊಂದು ಆಗಲಿ, ಪ್ರತಿ ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ನಿನಗೇ ಬಿಟ್ಟೆ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಗಿಲು ತೆರೆದು ಯಾರೋ ನನ್ನ ಹೆಸರನ್ನು ಚಿಂದಿ ಮಾಡಿ ಕೂಗಿದರು ನೋಡಿ, ಗಾಬರಿಯಲ್ಲಿ "ಬದುಕಿರೋ ತನಕ" ಎಂದೂ ಸೇರಿಸಿಬಿಟ್ಟೆ.

ಕಾರ್ಡ್ ಬಂತು. ದೇವರು ತನ್ನ ಮಾತು ಉಳಿಸಿಕೊಂಡ.

ನನ್ನ ಕಡೆಯಿಂದಲೂ ಶುರು ಭರ್ಜರಿಯಾಗಿಯೇ ಆಯಿತು. ಮಡಿ ಉಟ್ಟೆ, ದೀಪ ಹಚ್ಚಿದೆ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದ ಒಂದೇ ಒಂದು ಸ್ತೋತ್ರವನ್ನು ಗಟ್ಟಿಯಾಗಿ ಹೇಳಿದೆ. ಆ ಸ್ತೋತ್ರಕ್ಕೊಂದು ದೋಷವಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಬರುತ್ತದೆ. ಕೂತಲ್ಲೇ ತೂಕಡಿಸಿ ಎದ್ದರೆ ಇನ್ನೂ ಒಂಬತ್ತೂವರೆ. ಮಧ್ಯಾಹ್ನದವರೆಗೆ ದೇವರಿಗೂ ನನಗೂ ಮಾತನಾಡಲು ವಿಷಯವೇ ಇಲ್ಲ. ಮೆಲ್ಲಗೆ, ಹೂವಿನ ಕೆಳಗೆ ಹಾಸಿದ ಪೇಪರ್ ಹಾಳೆಯ ಮೇಲೆ ಕಣ್ಣು ಹೋಯಿತು. ಮುಂದಿನ ವಾರ ಹೂವಿಗೆ ಹಾಳೆ ಸ್ವಲ್ಪ ಹೆಚ್ಚೇ ಬೇಕಾಯಿತು. ಕೊನೆಗೆ ನಮ್ಮ ಮಗಳು ಸ್ಮಿತಾ ಬಾಗಿಲಲ್ಲಿ ನಿಂತು, "ಅಪ್ಪಾ, ಗಾಡ್‌ಗೆ ನ್ಯೂಸ್‌ಪೇಪರ್ ಓದ್ತಾ ಇದೀಯಾ?" ಎಂದು ಕೇಳಿದಳು. "ಹೂಂ ಪುಟ್ಟ, ಅವನಿಗೂ ಪ್ರಪಂಚದ ಸಮಾಚಾರ ಬೇಕಲ್ಲ" ಎಂದೆ. ಅಡುಗೆಮನೆಯಿಂದ ರತ್ನ ನಕ್ಕಿದ್ದು ಕೇಳಿಸಿತು.

ಪಕ್ಕದ ಮನೆಯಲ್ಲಿ ಮಿಸ್ ಎಡ್ನಾ ಒಬ್ಬರೇ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗ ದೂರದ ಟೆಕ್ಸಸ್‌ನಲ್ಲಿದ್ದ. ಆ ಸೀಮೆಯಲ್ಲಿ ವಯಸ್ಸಾದ ಹೆಂಗಸರನ್ನು ಹಾಗೆ 'ಮಿಸ್' ಹಚ್ಚಿ ಕರೆಯುವುದೇ ಮರ್ಯಾದೆ. ಅವರೋ ನನ್ನನ್ನು 'ಹನಿ' ಎನ್ನುತ್ತಿದ್ದರು. ನಮ್ಮ ಕಡೆ ಅಜ್ಜಿಯರು 'ಮಗು' ಅನ್ನುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಅವರ ಮಾತನ್ನೆಲ್ಲ ಕನ್ನಡಕ್ಕೆ ತಂದೇ ಹೇಳುತ್ತಿದ್ದೇನೆ.

ನಾವು ಆ ಮನೆಗೆ ಬಂದ ದಿನವೇ ಕೈಯಲ್ಲಿ ಕೇಕ್ ಹಿಡಿದು ಬಂದರು. ತಟ್ಟೆ ಕೈಗಿತ್ತು ಕೇಳಿದ ಮೊದಲ ಪ್ರಶ್ನೆ, "ಮಗು, ನಿನ್ನ ಉದ್ಧಾರ ಆಗಿದೆಯಾ?" ನಾನು ತಬ್ಬಿಬ್ಬಾದೆ. ಈ ಪ್ರಶ್ನೆಗೆ ನಮ್ಮ ತಂದೆ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ "ನೀನು ಉದ್ಧಾರ ಆಗೋನಲ್ಲ" ಎಂದು ಉತ್ತರ ಕೊಟ್ಟಿದ್ದರು. ಆದರೆ ಮಿಸ್ ಎಡ್ನಾ ಕೇಳಿದ್ದು ಸತ್ತ ಮೇಲಿನ ಉದ್ಧಾರ. ನಾನು ಗಂಟಲು ಸರಿಮಾಡಿಕೊಂಡು, ನಮಗೆ ಹಾಗೆಲ್ಲ ಅವಸರವಿಲ್ಲ, ಈ ಜನ್ಮದಲ್ಲಿ ಆಗದಿದ್ದರೆ ಮುಂದಿನದಿದೆ, ಅದರಲ್ಲೂ ಆಗದಿದ್ದರೆ ಅದರ ಮುಂದಿನದು, ಲಕ್ಷಗಟ್ಟಲೆ ಇವೆ ಎಂದು ವಿವರಿಸಿದೆ. ಅವರು ಕಣ್ಣರಳಿಸಿ ಕೇಳಿದರು. "ಅಯ್ಯೋ ದೇವರೇ, ಎಷ್ಟು ಸುಸ್ತು!" ಎಂದರು. "ನನಗೆ ಇದೊಂದೇ. ಅದೂ ಮುಗಿಯುತ್ತಾ ಬಂತು."

ಆಮೇಲೆ ಅವರು ಸಿಕ್ಕಾಗಲೆಲ್ಲ ಅದೇ ಪ್ರಶ್ನೆ. ಕಸದ ಡಬ್ಬ ರಸ್ತೆಗೆ ತಂದಾಗ, ಹುಲ್ಲು ಕತ್ತರಿಸುವಾಗ, ವಸಂತದಲ್ಲಿ ಕಾರಿನ ಮೇಲೆ ಕೂತ ಪೈನ್ ಮರದ ಹಳದಿ ಪುಡಿ ತೊಳೆಯುವಾಗ, "ಆಯಿತಾ ಮಗು?" ನಾನು, "ಇನ್ನೂ ಇಲ್ಲ ಮಿಸ್ ಎಡ್ನಾ" ಎನ್ನುತ್ತಿದ್ದೆ. ಇಬ್ಬರಿಗೂ ಅಭ್ಯಾಸವಾಗಿ ಹೋಗಿತ್ತು.

ಹೀಗಿರುವಾಗ ಅವರ ಕಣ್ಣು ಮಂಜಾಗುತ್ತಾ ಬಂತು. ಒಂದು ದಿನ ಕಾರು ಹಿಂದಕ್ಕೆ ತೆಗೆಯುವಾಗ ನಮ್ಮ ಅಂಚೆ ಡಬ್ಬಿಯನ್ನು ಕೆಡವಿದರು. ಡಾಕ್ಟರು ಇನ್ನು ಡ್ರೈವ್ ಮಾಡಕೂಡದು ಎಂದರು. ಆ ಶನಿವಾರ ಸಂಜೆ ಮಿಸ್ ಎಡ್ನಾ ನಮ್ಮ ಬಾಗಿಲು ತಟ್ಟಿದರು. ಕೇಕ್ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ.

"ನಾಳೆ ನನ್ನನ್ನು ಚರ್ಚಿಗೆ ಬಿಡ್ತೀಯಾ, ಮಗು?" ಎಂದರು. ಅವರ ಚರ್ಚಿನವರೆಲ್ಲ ಊರಿನ ಆ ತುದಿಯಲ್ಲಿದ್ದರು. ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೋಗಬೇಕಾದ್ದರಿಂದ ಬೇರೆ ಯಾರ ಜೊತೆಯೂ ಹೊಂದುತ್ತಿರಲಿಲ್ಲ. ಮೊದಲೇ ಏಕೆಂದರೆ, ಅವರು ಅಲ್ಲಿ ಮಕ್ಕಳ ಕೋಣೆ ನೋಡಿಕೊಳ್ಳುತ್ತಿದ್ದರು. ಎಳೆಯ ತಾಯಂದಿರು ನಿಶ್ಚಿಂತೆಯಿಂದ ಕೂತು ಪ್ರಾರ್ಥನೆ ಮಾಡಲೆಂದು, ಹಸುಗೂಸುಗಳನ್ನು ಎತ್ತಿಕೊಂಡು ಕೂರುವುದು. ತಾವು ಮದುವೆಯಾಗಿ ಬಂದಾಗಿನಿಂದ ಮಾಡಿದ್ದು ಅದನ್ನೇ. "ಮಗು ಎತ್ತಿಕೊಳ್ಳೋಕೆ ಕಣ್ಣು ಬೇಕಾಗಿಲ್ಲ" ಎಂದರು. "ಅದೂ ಹೋದರೆ ಭಾನುವಾರ ನಾನು ಯಾಕಾದರೂ ಏಳಬೇಕು?"

ಆಗ ನನ್ನ ಬಾಯಿಂದ ಬಂದದ್ದೇನು ಗೊತ್ತೇ? ಹರಕೆ. ಗಿರಣಿಯ ಕೆಲಸವೆಂದೋ, ತಲೆನೋವೆಂದೋ ಹೇಳಿದ್ದರೂ ಆಗುತ್ತಿತ್ತು. ನಾನು ಮುಖವನ್ನು ಗಂಭೀರ ಮಾಡಿಕೊಂಡು, "ಕ್ಷಮಿಸಿ ಮಿಸ್ ಎಡ್ನಾ, ಭಾನುವಾರ ಬೆಳಗ್ಗೆ ನಾನು ದೇವರಿಗೆ ಬಿಟ್ಟದ್ದು" ಎಂದೆ. ದೇವರ ಬೆನ್ನ ಹಿಂದೆ ಅಡಗಿ ಕೂತೆ.

ಅವರು ಮಂಜು ಕಣ್ಣಿನಿಂದ ನನ್ನನ್ನೇ ನೋಡಿದರು. "ಮಗು, ಲಕ್ಷಗಟ್ಟಲೆ ಜನ್ಮ ಇವೆ ಅಂದಿದ್ದೆಯಲ್ಲ. ಅದರಲ್ಲಿ ಒಂದು ಭಾನುವಾರ ನನಗೆ ಕೊಡೋಕಾಗಲ್ವಾ?"

ಒಳಗಿನಿಂದ ರತ್ನ ಕನ್ನಡದಲ್ಲೇ ಕೂಗಿದಳು. "ಹೋಗಿ ಬಿಟ್ಟು ಬನ್ರೀ! ಪೇಪರ್ ಅಲ್ಲೇ ಕೂತ್ಕೊಂಡು ಓದಿ. ನಿಮ್ಮ ದೇವ್ರು ಏನೂ ಅನ್ಕೊಳಲ್ಲ."

ಹೀಗೆ ನನ್ನ ದೇವರ ಸೇವೆ ಬ್ಯಾಪ್ಟಿಸ್ಟ್ ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಮುಂದುವರಿಯಿತು. ಒಳಗೆ ಬಾ ಎಂದು ಅವರು ಕರೆದರೂ ನಾನು ಹೋಗಲಿಲ್ಲ. ಶಾರ್ಲಟ್‌ನ ಕನ್ನಡಿಗರಲ್ಲಿ ಹಿರಿಯರಾದ, ಎಲ್ಲರೂ ಡಾಕ್ಟರ್ ಅಂಕಲ್ ಎನ್ನುತ್ತಿದ್ದ ಒಬ್ಬರು ಮೊದಲೇ ಎಚ್ಚರಿಸಿದ್ದರು. "ಹುಷಾರಪ್ಪಾ, ಒಂದ್ಸಲ ಒಳಗೆ ಹೋದ್ಯೋ, ನೀರಲ್ಲಿ ಮುಳುಗಿಸಿ ಅವರ ಮತಕ್ಕೆ ಸೇರಿಸಿಯೇ ಕಳಿಸ್ತಾರೆ." ನನಗೆ ಧರ್ಮದ ಚಿಂತೆಗಿಂತ ನೆಗಡಿಯ ಚಿಂತೆ. ಕಾರಿನಲ್ಲೇ ದೇವರನಾಮದ ಕ್ಯಾಸೆಟ್ ಹಾಕಿಕೊಂಡು, ಸೀಟು ಹಿಂದಕ್ಕೆ ಬಾಗಿಸಿ, ಹರಕೆ ತೀರಿಸುತ್ತಾ ಗೊರಕೆ ಹೊಡೆಯುತ್ತಿದ್ದೆ.

ಒಂದು ಭಾನುವಾರ ಯಾರೋ ಕಿಟಕಿ ಬಡಿದರು. ಮಿಸ್ ಎಡ್ನಾ. ಎರಡು ಹೆಗಲಿನ ಮೇಲೂ ಒಂದೊಂದು ಕೂಸು, ಎರಡೂ ಬಾಯಿ ಬಡಿದುಕೊಳ್ಳುತ್ತಿದ್ದವು. "ಜೊತೆಯವಳಿಗೆ ಹುಷಾರಿಲ್ಲ. ಒಳಗೆ ಇನ್ನೂ ಎರಡಿವೆ, ಬಾಗಿಲಲ್ಲಿ ಯಾರನ್ನೋ ನಿಲ್ಲಿಸಿ ಬಂದಿದ್ದೀನಿ. ನಿನ್ನ ಕೈ ಖಾಲಿ ಇದೆಯಲ್ಲ, ಬಾ." ಇಲ್ಲವೆನ್ನುವಂತಿರಲಿಲ್ಲ. ಹೋದೆ. ಕೋಣೆಯ ತುಂಬ ಬೇಬಿ ಪೌಡರ್ ವಾಸನೆ. ಕೆಂಪಗಿನ ದಪ್ಪ ಗಂಡುಕೂಸೊಂದನ್ನು ನನ್ನ ಹೆಗಲಿಗೆ ಒರಗಿಸಿದರು. ಅದು ನನ್ನ ಮುಖ ನೋಡಿ ಇನ್ನೂ ಜೋರಾಗಿ ಕಿರುಚಿತು. ನನ್ನ ಮಗಳನ್ನೇ ನಾನು ಸರಿಯಾಗಿ ಎತ್ತಿ ಆಡಿಸಿದವನಲ್ಲ. ಏನು ಮಾಡಲೂ ತೋಚದೆ, ಗೊತ್ತಿದ್ದ ಒಂದೇ ಸ್ತೋತ್ರ ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೂಸು ನಿದ್ದೆ ಹೋಯಿತು. ಅದರ ಬಾಯಿಯ ಜೊಲ್ಲು ನನ್ನ ಅಂಗಿಯ ಮೇಲೆ ಇಳಿಯುತ್ತಿತ್ತು. ನಾನು ಮಾತ್ರ ಮೊದಲ ಸಲ ಆ ಸ್ತೋತ್ರವನ್ನು ತೂಕಡಿಸದೆ ಕೊನೆಯವರೆಗೆ ಹೇಳಿ ಮುಗಿಸಿದೆ, ನಡುವೆ ನಿಲ್ಲಿಸಿದರೆ ಎಲ್ಲಿ ಏಳುತ್ತದೋ ಎಂಬ ಭಯಕ್ಕೆ.

ಆ ಕೋಣೆಗೆ ನಾನು ಕಾಯಂ ಆದೆ. ಹಾಗೆಂದು ನಾನು ಬದಲಾಗಿಬಿಟ್ಟೆ ಎಂದು ನೀವು ತಿಳಿದರೆ ಮೋಸ ಹೋಗುತ್ತೀರಿ. ಅದೇ ವರ್ಷ ಅಟ್ಲಾಂಟಾಕ್ಕೆ ಒಬ್ಬ ಸ್ವಾಮಿಗಳು ಬರುತ್ತಾರೆ, ಭಾನುವಾರ ಬೆಳಗ್ಗೆ ಪ್ರವಚನ ಎಂದು ಸುದ್ದಿ ಬಂತು. ವಿಷಯ, ಆಯುಷ್ಯದ ಸದುಪಯೋಗ ಮತ್ತು ಮುಕ್ತಿಮಾರ್ಗ. ಪರರ ಕೂಸುಗಳ ಜೊಲ್ಲು ಒರೆಸಿ ಯಾರಿಗೆ ಮೋಕ್ಷ ಸಿಕ್ಕೀತು, ನಿಜವಾದ ಅಧ್ಯಾತ್ಮ ಈಗ ಬಂತು ಎಂದುಕೊಂಡೆ. ಈ ವಾರ ಬರಲಾರೆ ಎಂದು ಮಿಸ್ ಎಡ್ನಾಗೆ ಹೇಳಿ, ಮನೆಮಂದಿ ಮೂವರೂ ಹಿಂದಿನ ದಿನವೇ ಹೊರಟೆವು. ಪ್ರವಚನ ಚೆನ್ನಾಗಿತ್ತಂತೆ. ರತ್ನ ಹೇಳಿದಳು. ನಾನು ಶುರುವಿನ ಶ್ಲೋಕದವರೆಗೆ ಎಚ್ಚರವಿದ್ದೆ.

ಸಂಜೆ ವಾಪಸು ಬಂದು ಕಾರು ನಿಲ್ಲಿಸಿದರೆ ಪಕ್ಕದ ಮನೆಯ ವರಾಂಡದಲ್ಲಿ ಮಿಸ್ ಎಡ್ನಾ ಕೂತಿದ್ದರು. ಚರ್ಚಿಗೆ ಹಾಕುವ ನೀಲಿ ಟೋಪಿ, ಬಿಳಿ ಕೈಗವಸು, ಮಡಿಲಲ್ಲಿ ಕೈಚೀಲ. ಬೆಳಗಿನಿಂದಲೂ ಹಾಗೇ ಕೂತಿದ್ದರು.

"ನಾನು ಬರಲ್ಲ ಅಂತ ಹೇಳಿದ್ದೆನಲ್ಲ, ಮಿಸ್ ಎಡ್ನಾ?"

"ಹೇಳಿದ್ದೆ. ಆದರೂ ಏನಾದರೂ ಕಾರ್ಯಕ್ರಮ ಬದಲಾದೀತು, ಬಂದೀಯ ಅಂತ." ಧ್ವನಿಯಲ್ಲಿ ಕೋಪದ ಸುಳಿವೇ ಇಲ್ಲ. "ಏನಂದರು ನಿಮ್ಮ ಗುರುಗಳು?"

"ಕಾಲವನ್ನು ವ್ಯರ್ಥ ಮಾಡಬಾರದು ಅಂದರು."

"ಒಳ್ಳೇ ಮಾತು" ಎಂದರು. "ಅದನ್ನು ಕೇಳೋಕೆ ಅಷ್ಟು ದೂರ ಹೋಗಬೇಕಿತ್ತಾ?"

ಅವರು ಟೋಪಿಯ ಪಿನ್ನು ತೆಗೆಯಲು ತಡಕಾಡುತ್ತಿದ್ದರು, ಕಾಣುತ್ತಿರಲಿಲ್ಲ. ನಾನೇ ತೆಗೆದುಕೊಟ್ಟೆ. ನನಗೆ ನನ್ನ ಮೇಲೇ ಎಂಥ ಅಸಹ್ಯವಾಯಿತೆಂದರೆ, ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಮರುವರ್ಷದ ಚಳಿಗಾಲದ ಹೊತ್ತಿಗೆ ಅವರು ತುಂಬ ಇಳಿದುಹೋದರು. ಒಂದು ದಿನ ಕಾರಿನಲ್ಲಿ ನಾನೇ ಕೇಳಿದೆ. "ಮಿಸ್ ಎಡ್ನಾ, ಉದ್ಧಾರ ಆಯಿತಾ ಅಂತ ಈಚೆಗೆ ನೀವು ಕೇಳೋದೇ ಇಲ್ಲ?"

"ನಿನ್ನನ್ನು ಕೇಳಿ ಕೇಳಿ ಸಾಕಾಯಿತು. ಈಗ ಮೇಲಿರೋ ಅವನನ್ನೇ ಕೇಳ್ತಿದ್ದೀನಿ."

ನಾನು ನಕ್ಕೆ. ನಾನೂ ನಮ್ಮವನ ಹತ್ತಿರ ಅವರ ಬಗ್ಗೆ ಒಂದು ಮಾತು ಹಾಕಿಟ್ಟಿದ್ದೇನೆಂದು ಹೇಳಲಿಲ್ಲ. ಮತ್ತೆ ಹುಟ್ಟಿಸಬೇಡ, ಅವರಿಗೆ ಸುಸ್ತಾಗುತ್ತದೆ ಎಂದು ಬೇಡಿಕೊಂಡಿದ್ದೆ.

ಫೆಬ್ರವರಿಯಲ್ಲಿ ನಿದ್ದೆಯಲ್ಲೇ ಹೋದರು. ಅಂತ್ಯಕ್ರಿಯೆಯ ಪ್ರಾರ್ಥನೆಯ ದಿನ ನಾನು ಮೊದಲ ಸಲ ಆ ಚರ್ಚಿನ ದೊಡ್ಡ ಹಾಲಿನೊಳಗೆ ಕಾಲಿಟ್ಟೆ. ಟೆಕ್ಸಸ್ಸಿನಿಂದ ಬಂದ ಮಗ ನನ್ನನ್ನೂ ರತ್ನಳನ್ನೂ ಮನೆಯವರ ಸಾಲಿನಲ್ಲೇ ಕೂರಿಸಿದ. ಪಾದ್ರಿಗಳು ಅವರ ಬಗ್ಗೆ ಎರಡು ಮಾತು ಆಡಿರಲಿಲ್ಲ, ಹಿಂದೆ ಎಲ್ಲೋ ಒಂದು ಕೂಸು ಅಳತೊಡಗಿತು. ಇಡೀ ಸಭೆ ತಿರುಗಿತು. ಕೂಸಿನ ಕಡೆಗಲ್ಲ, ನನ್ನ ಕಡೆಗೆ.

ಎದ್ದೆ. ಕೂಸನ್ನು ಎತ್ತಿಕೊಂಡು ಆ ಕೋಣೆಗೆ ಹೋದೆ. ಅವರ ಬಗ್ಗೆ ಅಂದು ಯಾರು ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಖಾಲಿ ಕುರ್ಚಿಯ ಪಕ್ಕ ನಿಂತು, ಸ್ತೋತ್ರ ಹೇಳುತ್ತಾ, ಆ ಕೂಸಿಗಿಂತ ಜೋರಾಗಿ ಅತ್ತೆ.

ನಂತರ ಗಿರಣಿ ಮುಚ್ಚಿತು. ನಾವು ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ಗೆ ಬಂದೆವು. ಇಲ್ಲಿ ದೇವಸ್ಥಾನಗಳಿಗೆ ಬರವಿಲ್ಲ. ಭಾನುವಾರ ಮಡಿ ಪಂಚೆ, ಶಲ್ಯದಲ್ಲಿ ಮುಂದಿನ ಸಾಲಿನಲ್ಲಿ ಕೂರುವುದು, ಕಣ್ತುಂಬ ಮಂಗಳಾರತಿ ನೋಡುವುದು, ಪ್ರಸಾದ ತಿಂದು ಬರುವುದು. ಹರಕೆ ಆರಾಮವಾಗಿ ತೀರುತ್ತಿತ್ತು. ಎಷ್ಟೋ ವರ್ಷ ಹಾಗೇ ನಡೆಯಿತು.

ಕಳೆದ ಭಾನುವಾರ ವಿಶೇಷ ಅಲಂಕಾರ, ಕಾಲಿಡಲು ಜಾಗವಿಲ್ಲ. ಸರಿಯಾಗಿ ಮಂಗಳಾರತಿಗೆ ಗಂಟೆ ಮೊಳಗಿತು, ನನ್ನ ಹಿಂದೆ ಒಂದು ಕೂಸು ಬೆಚ್ಚಿ ಚೀರಿತು. ತಾಯಿ, ಇನ್ನೂ ಎಳೆಯ ಹುಡುಗಿ, ಅಪರಾಧ ಮಾಡಿದವಳಂತೆ ಎದ್ದು ಹೊರಗೆ ಹೊರಟಳು. ಈ ಸಲ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಯಾರಿಗೆ ಏನು ಗೊತ್ತು? ನನ್ನ ಕಾಲುಗಳು ತಾವಾಗಿಯೇ ಎದ್ದವು. "ಕೊಡಮ್ಮ ಇಲ್ಲಿ, ಮಂಗಳಾರತಿ ನೋಡು ನೀನು. ಬಾಗಿಲ ಹತ್ತಿರ ನಿಂತಿರ್ತೀನಿ, ನಿನಗೆ ಕಾಣೋ ಹಾಗೆ" ಎಂದೆ. ಅವಳು ನನ್ನ ಬೋಳು ತಲೆಯನ್ನೂ ಶಲ್ಯವನ್ನೂ ಒಂದು ಕ್ಷಣ ನೋಡಿ, ಕೊಟ್ಟಳು. ಚಪ್ಪಲಿ ಗೂಡಿನ ಪಕ್ಕ ನಿಂತು ನನ್ನ ಹಳೆಯ ಸ್ತೋತ್ರ ತೆಗೆದೆ. ಅರ್ಧಕ್ಕೆ ಮಲಗಿತು. ಒಳಗಿನ ಬೆಳಕು ತಲೆಗಳ ಮೇಲೆ ಒಮ್ಮೆ ಎದ್ದು ಇಳಿದದ್ದಷ್ಟೇ ಕಂಡಿತು. ಹುಡುಗಿ ಓಡಿ ಬಂದಳು, ಕಣ್ಣು ಒದ್ದೆ. "ಥ್ಯಾಂಕ್ಸ್ ಅಂಕಲ್. ಇವನು ಹುಟ್ಟಿದ ಮೇಲೆ ಪೂರ್ತಿ ಮಂಗಳಾರತಿ ನೋಡಿದ್ದು ಇವತ್ತೇ. ಆದ್ರೆ ನಿಮಗೆ ಮಿಸ್ ಆಯ್ತಲ್ಲ!"

ಇದಿಷ್ಟನ್ನೂ ರತ್ನಳಿಗೆ ಹೇಳಿದೆ. ಅವಳು ಶಲ್ಯವನ್ನು ಇನ್ನೊಮ್ಮೆ ಮೂಸಿದಳು, ಈ ಸಲ ನಗದೆ.

"ಹೋಗ್ಲಿ ಬಿಡಿ" ಎಂದಳು. "ಮಂಗಳಾರತಿ ನೋಡೋಕೆ ನಿಮಗೇನ್ರೀ, ಲಕ್ಷಗಟ್ಟಲೆ ಜನ್ಮ ಇದೆಯಲ್ಲ. ಇದನ್ನ ವಾಷರ್‌ಗೆ ಹಾಕ್ಲಾ?"

"ಜನ್ಮದ ಮಾತು ಆಮೇಲೆ" ಎಂದೆ. "ಹಾಕ್ಬೇಡ, ಹಾಗೇ ಮಡಿಸಿಡು. ಬರೋ ಭಾನುವಾರಕ್ಕೆ ಬೇಕು."